ಬಾಗಿಲಿಗಿಂತ ಮುಂದೆ

ಹಸಿರು ಬಳೆಗಳೇ ಬಂದವು ಮತ್ತೆ, ರೊಟ್ಟಿ ವ್ಯಾಪಾರದ ವೆಬ್ ಪುಟದ ಕೋಡಿನಲ್ಲಿ ಚಿತ್ರದ ಟ್ಯಾಗ್ ಬದಲಿಸಿ ಹತ್ತು ನಿಮಿಷವಾಯಿತು, ಆದರೂ ವಾಟ್ಸಾಪಿಗೆ ಲಿಂಕ್ ಹಾಕಿದರೆ ಕೆಳಗೆ ಮೂಡುವುದು ಓರಗಿತ್ತಿ ಲಲಿತಾಳ ಬಳೆ ತುಂಬಿದ ಕೈ, ಒಂದು ರೊಟ್ಟಿಯನ್ನೂ ನೆಟ್ಟಗೆ ಬಡಿಯದ ಕೈ — ಒಮ್ಮೆ ನೋಡಿದ್ದನ್ನು ಬಿಡುವುದಿಲ್ಲ ಈ ವಾಟ್ಸಾಪು, ಊರಿನ ಹಾಗೆ, ಶಿವಲೀಲಾ ನಕ್ಕಳು, ನಗು ಬಂತೇ ಎಂದು ತಾನೇ ಬೆರಗಾದಳು, ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿದೆ, ತಿರುವಬೇಕು. ಮೊದಲು ಚಿತ್ರವೇ ಇರಲಿಲ್ಲ, ಬರೀ ನೀಲಿ ಅಕ್ಷರದ ಲಿಂಕ್, ಮಗಳ ಮದುವೆಗೆ ಸಾವಿರ ರೊಟ್ಟಿ ಬೇಕೆಂದ ಕುಷ್ಟಗಿಯ ಈಶಪ್ಪ ಫೋನಿನಲ್ಲಿ ಕೇಳಿದ್ದ, ಅಕ್ಕಾರ, ಇದನ್ನ ಒತ್ತಿದ್ರ ಬ್ಯಾಂಕಿನ್ಯಾಗಿನ ರೊಕ್ಕ ಹೋಗ್ತಾವೇನ್ರಿ, — ಅದಕ್ಕೇ ಭಾವ ಗುರುಬಸವ ಒಪ್ಪಿದ್ದು, ಚಿತ್ರ ಹಾಕು, ಹೆಸರು ಹಾಕು, ಆದ್ರ ಲಲಿತಾಂದು ಹಾಕವ್ವ, ಮದುವಿ ಮಂದಿ, ಎದುರಿಗೆ ನೀ ಬಂದ್ರ ಏನಂದಾರು. ಎದುರಿಗೆ. ಶ್ರಾವಣದಲ್ಲಿ ಎಲ್ಲರೂ ಯಲಬುರ್ಗಾಕ್ಕೆ ನಿಶ್ಚಿತಾರ್ಥಕ್ಕೆ ಹೊರಟಾಗಲೂ ಇದೇ ಮಾತು, ಅತ್ತೆ ಕಳಕಮ್ಮ ತೋಳು ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ಎಳೆದುಕೊಂಡಳು, ಗಾಡಿ ದಾಟ್ಲಿ ತಡಿ, ನಾನೂ ಇಲ್ಲೇ ನಿಂತೇನಿ ಮೂವತ್ತು ವರ್ಷ, ರೂಢಿ ಆಗ್ತೈತಿ — ಗಂಡ ಹಾಲೇಶ ಹೋಗಿ ಆಗ ಮೂರು ತಿಂಗಳು, ಮುನಿರಾಬಾದ್ ತಿರುವು, ಲಾರಿ, ಅಳು ಬರಲಿಲ್ಲ, ಈಗಲೂ ಬರುವುದಿಲ್ಲ, ಬಾಗಿಲ ಸಂದಿಯಿಂದ ಕಂಡದ್ದು ಗಾಡಿಯ ಹಿಂದಿನ ಗಾಜು ಮಾತ್ರ.

ಹಾಲೇಶ ತೆಗೆದ ಫೋಟೊ ಇದೆ, ಬೆವರು ಒರೆಸಿಕೊಂಡ ಅವಳ ಹಣೆ, ಕುಂಕುಮದ ಪಕ್ಕದಲ್ಲೇ ಹಿಟ್ಟಿನ ಬೆರಳಚ್ಚು, ಏ, ಹಂಗ ಇರು, ಒರಸಬ್ಯಾಡ, ಎಂದಿದ್ದ, — ಬೆಳಿಗ್ಗೆ ಭಾವನೇ ಅಂದ, ನಿನಗ ಅಷ್ಟು ಹಟ ಇದ್ರ ಅದನ್ನರ ಹಾಕು, ಅದರಾಗ ಕುಂಕುಮ ಐತಿ, ನಡೀತೈತಿ. ಹಾಲೇಶ ಇದ್ದಾಗಿನ ಅವಳು ನಡೆಯುತ್ತಾಳೆ, ಈಗಿನವಳು ಬಡಿದು ಬೇಯಿಸಿ ಬಾಗಿಲ ಹಿಂದೆ ಇರಲಿ. ಇರುವುದಿಲ್ಲ. ಅತ್ತೆಯ ಕೈಗೇ ಫೋನು ಕೊಟ್ಟು ಇವತ್ತು ತೆಗೆಸಿದ್ದು, ಇಲ್ಲಿ ಒತ್ರಿ ಅತ್ತಿ, ಯವ್ವಾ ನನಗೇನ್ ತಿಳೀತೈತಿ ಇದು, ಎನ್ನುತ್ತಲೇ ಒತ್ತಿದಳು ಮುದುಕಿ, ಹಣಿ ಒರಸ್ಕೊ, ಹಿಟ್ಟು ಹತ್ತೈತಿ, ಇರ್ಲಿ ಬಿಡ್ರಿ, — ಹೆಸರಿನ ಟ್ಯಾಗಿನಲ್ಲಿ ಶಿವಲೀಲಾ ರೊಟ್ಟಿ ಮನೆ, ಚಿತ್ರದ ಟ್ಯಾಗಿನಲ್ಲಿ ಇವತ್ತಿನ ಮುಖ, ಈಗ ಲಿಂಕಿನ ಬಾಲಕ್ಕೆ ಒಂದು ಪ್ರಶ್ನೆಚಿಹ್ನೆ, ಅದರ ಮುಂದೆ ಒಂದು ಅಂಕಿ, ಹೊಸ ವಿಳಾಸವೆಂದು ತಿಳಿದು ವಾಟ್ಸಾಪ್ ಪುಟವನ್ನು ಹೊಸದಾಗಿ ನೋಡುತ್ತದೆ, ಧಾರವಾಡದ ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿತ ಕಿಲಾಡಿತನ, ಮರೆತಿಲ್ಲ — ಬಳೆ ಹೋದವು, ಅವಳು ಬಂದಳು, ಪುಟ ತೆರೆಯುವ ಮೊದಲೇ, ಬಾಗಿಲಿಗಿಂತ ಮುಂದೆ, ಎದುರಿಗೆ. ಅಂಗಳದಲ್ಲಿ ಭಾವನ ಗಾಡಿ ನಿಂತ ಸದ್ದು, ಈಶಪ್ಪ ಬೇರೆಯವರ ಹತ್ತಿರ ಹೋದರೆ ಹೋಗಲಿ, ಅವನಿಗೇ ಕಳಿಸಿದಳು, ಒಂದು ಗೀಟು, ಎರಡು, ನೀಲಿಯಾದವು, ನೋಡಿದ, ಬರೆಯುತ್ತಿದ್ದಾನೆ, ನಿಲ್ಲಿಸಿದ, ಮತ್ತೆ ಬರೆಯುತ್ತಿದ್ದಾನೆ — ರೊಟ್ಟಿ ಸೀದ ವಾಸನೆ, ಸೀಯಲಿ, ಇನ್ನೂ ಬಾರದ ಅವನ ಉತ್ತರದ ಮೇಲುಗಡೆ ಆ ಪುಟ್ಟ ಚಿತ್ರ, ಬರಿಯ ಹಣೆ, ಹಣೆಯ ಮೇಲೆ ಬಿಳಿ ಹಿಟ್ಟಿನ ಬೆರಳಚ್ಚು, ಬೆರಳಚ್ಚು