ಲಾರಿ ಇಲ್ಲದ ನಕ್ಷೆ

ನಕ್ಷೆಯಲ್ಲಿ ರಾಯವ್ವನ ಮೇಜಿನ ಸುತ್ತ ಕೆಂಪು ಬಣ್ಣ ಬಿದ್ದದ್ದನ್ನು ಕಂಡಾಗ ಮನಿಷಾಗೆ ಮೊದಲು ನಗುವೇ ಬಂತು. ಇಚಲಕರಂಜಿಯ ಆ ಮಗ್ಗದ ಶೆಡ್ಡಿನಲ್ಲಿ ಅವಳು ಕಂಪ್ಯೂಟರ್ ನೋಡಿಕೊಳ್ಳುವವಳು. ರಾಯವ್ವ ಬಟ್ಟೆಯಲ್ಲಿ ತಪ್ಪಿದ ಎಳೆಗಳನ್ನು ಸೂಜಿಯಿಂದ ಸರಿಮಾಡುವವಳು; ಇಪ್ಪತ್ತು ವರ್ಷದಲ್ಲಿ ಅವಳ ಕೈ ಖಾಲಿ ಕೂತದ್ದನ್ನು ಯಾರೂ ಕಂಡವರಿಲ್ಲ.

ಕೊಲ್ಹಾಪುರದ ಖರೀದಿದಾರರ ಸಾಫ್ಟ್‌ವೇರ್‌ಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಬಟ್ಟೆಯ ಸುರುಳಿ ಕೈ ಬದಲಿಸಿದಾಗಲೆಲ್ಲ ಅದರ ಚೀಟಿಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು. ಮೂರು ತಿಂಗಳ ಸ್ಕ್ಯಾನುಗಳನ್ನು ಗಣಿ ಅಗೆದಂತೆ ಅಗೆದು ಅದು ತಾನೇ ಬಟ್ಟೆಯ ದಾರಿಯ ನಕ್ಷೆ ಬಿಡಿಸಿ, ತಡವಾಗುವಲ್ಲಿ ಕೆಂಪು ಬಳಿದಿತ್ತು: ಮಗ್ಗ, ರಾಯವ್ವ, ಮಡಿಸುವ ಯಂತ್ರ, ಕೊಲ್ಹಾಪುರ. ರಾಯವ್ವನ ಬಳಿ ಪ್ರತಿ ಸುರುಳಿಯೂ ಸರಾಸರಿ ಒಂಬತ್ತು ತಾಸು ಕೊಳೆಯುತ್ತದಂತೆ.

"ಆ ಟೇಬಲ್ ತಗದ್ಹಾಕ್ರಿ ಅಂತ ಮೇಲ್ ಬಂದೈತಿ," ಎಂದರು ಮಾಲೀಕ ಬಾಪೂಸಾಹೇಬ.

ಮನಿಷಾ ಶೆಡ್ಡಿಗೆ ಓಡಿದಳು. ಮಗ್ಗಗಳ ಗದ್ದಲದಲ್ಲಿ ರಾಯವ್ವನ ಕಿವಿಗೆ ಬಾಯಿ ಹಚ್ಚಿ, ಬಟ್ಟೆ ಅಷ್ಟು ಹೊತ್ತು ಯಾಕೆ ನಿಲ್ಲುತ್ತದೆಂದು ಕೇಳಿದಳು.

"ಮಡಸೋ ಅಪ್ಪಣ್ಣಗ ಕಣ್ಣಾಗ ಪೊರಿ ಬಂದೈತವ್ವ. ಫೋನಿನಾಗ ಏನೂ ಕಾಣೂದಿಲ್ಲ. ಅವನ ಸ್ಕ್ಯಾನ್ ನಾನ ಒತ್ತತೇನಿ, ಸಂಜೀಕ ಎಲ್ಲಾ ಒಮ್ಮೆಲೇ. ಯಾಕ, ತಪ್ಪಾತೇನ?"

ಅಷ್ಟೇ ಆಗಿತ್ತು. ಬಟ್ಟೆ ರಾಯವ್ವನ ಕೈ ದಾಟಲು ಅರ್ಧ ತಾಸು, ಮಡಿಸಲು ಕಾಲು ತಾಸು. ಉಳಿದ ಹೊತ್ತೆಲ್ಲ ಅದು ಬಾಗಿಲಲ್ಲಿ ಬಿದ್ದು ಖರೀದಿದಾರರ ಲಾರಿಗೆ ಕಾಯುತ್ತಿತ್ತು. ಆ ಲಾರಿ ದಿನಕ್ಕೊಮ್ಮೆ, ಸಂಜೆ ಬರುತ್ತಿತ್ತು. ಅಪ್ಪಣ್ಣನ ಸ್ಕ್ಯಾನ್ ಸಂಜೆ ಬೀಳುವವರೆಗಿನ ಹೊತ್ತೆಲ್ಲ ರಾಯವ್ವನ ಲೆಕ್ಕಕ್ಕೇ ಸೇರುತ್ತಿತ್ತು.

ಮನಿಷಾ ಇದನ್ನೆಲ್ಲ ಹೇಳಿದಾಗ ಬಾಪೂಸಾಹೇಬರು ತಲೆಯೆತ್ತಲಿಲ್ಲ. "ನನಗ ಗೊತ್ತಿಲ್ಲೇನ? ಲಾರಿ ಅವರದು, ಆರ್ಡರೂ ಅವರದು. ಕಾಯ್ ಕರಾಯ್ಚಂ? ಏನ್ ಮಾಡೂದು?"

ಕೆಲಸ ಕಳೆದುಕೊಂಡ ರಾಯವ್ವ ಗಡಹಿಂಗ್ಲಜದ ಅಣ್ಣನ ಮನೆಗೆ ಹೊರಟಳು. ಅತ್ತಿಗೆಯ ಕೈಕೆಳಗೆ ಬಾಳುವುದೆಂದರೇನೆಂದು ಅವಳಿಗೆ ಗೊತ್ತಿತ್ತು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಮನಿಷಾಗೆ ಎಷ್ಟೋ ಹಗುರಾಗುತ್ತಿತ್ತು.

ಮನಿಷಾ ಒಂದು ಹಟ ತೊಟ್ಟಳು. ಲೆಕ್ಕ ನೆಟ್ಟಗಿದ್ದರೆ ಲಾರಿಯ ಬಣ್ಣ ಬಯಲಾಗುತ್ತದೆ, ರಾಯವ್ವನನ್ನು ವಾಪಸು ಕರೆಸಬಹುದು. ಹಾಗೆಂದು ಅಪ್ಪಣ್ಣನ ಪ್ರತಿ ಚೀಟಿಯನ್ನೂ ತಿಂಗಳಿಡೀ ತಾನೇ ಓಡಿಹೋಗಿ, ನಿಮಿಷ ತಪ್ಪದಂತೆ ಸ್ಕ್ಯಾನ್ ಮಾಡಿದಳು.

ಹೊಸ ನಕ್ಷೆ ಬಂತು. ಒಂಬತ್ತು ತಾಸಿನಲ್ಲಿ ಒಂದು ನಿಮಿಷವೂ ಕಡಿಮೆಯಾಗಿರಲಿಲ್ಲ ಎನ್ನಬಹುದು. ಲಾರಿಗೆ ಚೀಟಿ ಇಲ್ಲ, ಅದನ್ನು ಸ್ಕ್ಯಾನ್ ಮಾಡುವವರಿಲ್ಲ; ಹಾಗಾಗಿ ನಕ್ಷೆಯಲ್ಲಿ ಲಾರಿಯೇ ಇರಲಿಲ್ಲ. ಲಾರಿಗೆ ಕಾದ ಹೊತ್ತೆಲ್ಲ ಕೊನೆಯ ಸ್ಕ್ಯಾನಿನ ಅಪ್ಪಣ್ಣನ ಲೆಕ್ಕಕ್ಕೆ ಸೇರಿ, ಕೆಂಪು ಬಣ್ಣ ಈಗ ಅವನ ಸುತ್ತ ಬಿದ್ದಿತ್ತು. ಇಷ್ಟು ಚೊಕ್ಕ ಲೆಕ್ಕ ಈವರೆಗೆ ಯಾವ ಶೆಡ್ಡಿನಿಂದಲೂ ಬಂದಿಲ್ಲವೆಂದು ಕೊಲ್ಹಾಪುರದವರು ಹೊಗಳಿ ಬರೆದಿದ್ದರು.

ಬಾಪೂಸಾಹೇಬರು ಅಪ್ಪಣ್ಣನ ಹೆಸರಿನ ಮೇಲೆ ಬೆರಳಿಟ್ಟರು. ಈ ಸಲ ಮನಿಷಾ ತಾನೇ ಅವನನ್ನು ಕೆಲಸದಿಂದ ಬಿಡಿಸುವ ಪತ್ರ ಟೈಪ್ ಮಾಡಿ ಸಹಿಗೆ ಇಟ್ಟಳು.