ಒಂದೇ ಅಳತೆಯ ಹನ್ನೆರಡು ಡಬ್ಬ

ಔಷಧಿ ಗೋದಾಮಿನಲ್ಲಿ ಹದಿನಾಲ್ಕು ವರ್ಷ ದುಡಿದವಳಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಚೀಟಿ ಇಲ್ಲದ ಡಬ್ಬ ಕಂಡರೆ ಕೈ ಸುಮ್ಮನಿರುವುದಿಲ್ಲ. ನಮ್ಮ ಮನೆಯಲ್ಲಿ ಅಂಥ ಡಬ್ಬಗಳೆಲ್ಲ ಇದ್ದದ್ದು ಅತ್ತೆಯ ಕೈಕೆಲಸದ ಕೋಣೆಯಲ್ಲಿ.

ಕೋಣೆ ಎಂದರೆ ದೊಡ್ಡದೇನಲ್ಲ. ಅಡುಗೆಮನೆಗೆ ಅಂಟಿದಂತೆ ಒಂದು ಕಿಟಕಿ, ಒಂದು ಕುರ್ಚಿ, ಗೋಡೆಗೆ ನಾಲ್ಕು ಹಲಗೆ. ಅತ್ತೆ ಅಲ್ಲಿ ಕೂತು ಕೊಕ್ಕೆ ಕಡ್ಡಿಯಲ್ಲಿ ಎಳೆಮಕ್ಕಳ ಟೋಪಿ, ಕಾಲುಚೀಲ ಹೆಣೆಯುತ್ತಿದ್ದರು. ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಲ ಟೋಪಿ ಅವರದೇ. ಮಾವ ಹೋದ ಮೇಲೆ ಅವರನ್ನು ಎತ್ತಿ ನಿಲ್ಲಿಸಿದ್ದು ನಾನೂ ಅಲ್ಲ, ಸರಕು ಲಾರಿಯಲ್ಲಿ ವಾರಗಟ್ಟಲೆ ಊರೂರು ತಿರುಗುವ ಅವರ ಮಗನೂ ಅಲ್ಲ. ಆ ಕಡ್ಡಿ. ಆದರೆ ಉಣ್ಣೆಯ ಉಂಡೆಗಳು ಇದ್ದ ಚೆಂದ ನೋಡಬೇಕಿತ್ತು. ನೆಗ್ಗಿದ ಬಿಸ್ಕತ್ತಿನ ಡಬ್ಬ, ಮುಚ್ಚಳ ಕಳೆದ ಹಾಲಿನಪುಡಿ ಡಬ್ಬ, ಹಿಡಿ ಮುರಿದ ಬೆತ್ತದ ಬುಟ್ಟಿ, ಮಾವನ ಬೂಟು ಬಂದಿದ್ದ ರಟ್ಟಿನ ಪೆಟ್ಟಿಗೆ. ಒಂದಕ್ಕೊಂದು ಸಂಬಂಧವಿಲ್ಲ.

ಮಗಳು ಆರನೇ ತರಗತಿಗೆ ಬಂದಳು. ಅವಳಿಗೊಂದು ಮೇಜು ಹಾಕಬೇಕಿತ್ತು, ಜಾಗವಿದ್ದದ್ದು ಆ ಕೋಣೆಯಲ್ಲಿ ಮಾತ್ರ. ನನಗೆ ಸಿಕ್ಕುವ ರಜೆ ವಾರಕ್ಕೊಂದು. ಆ ಒಂದು ದಿನ ಟೇಪು ಹಿಡಿದು ಹಲಗೆಗಳ ಉದ್ದಗಲ ಬರೆದುಕೊಂಡೆ. ಅತ್ತೆಯ ಸಾಮಾನು, ಅತ್ತೆಯೇ ಆರಿಸಲಿ ಎಂದು ಅವರನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಹಾಗೆಂದುಕೊಂಡೇ ಹೋದೆ, ಆರಿಸಿದ್ದು ಮಾತ್ರ ನಾನು.

ಅಂಗಡಿಯವನು ಮೂರು ಬಗೆ ತೋರಿಸಿದ. ಚಕ್ರದ ಮೇಲೆ ಓಡುವ ಡ್ರಾಯರುಗಳು ನಮ್ಮ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಗೋಡೆಗೆ ನೇತುಹಾಕುವ, ಸಣ್ಣ ದೊಡ್ಡ ಜೇಬುಗಳಿದ್ದ ದಪ್ಪ ಬಟ್ಟೆಯೊಂದಿತ್ತು. ಅತ್ತೆ ಅದರ ಒಂದೊಂದು ಜೇಬಿಗೂ ಕೈ ತೂರಿಸಿ, ಅಂಚು ಸವರಿ, ಇದು ಚೆನ್ನಾಗಿದೆ ಎಂದರು. ಧೂಳು ಕೂರುತ್ತದೆ ಎಂದು ನಾನು ಬೇಡವೆಂದೆ. ಮೂರನೆಯದು ಗಾಜಿನಂತೆ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಡಬ್ಬಗಳು. ಒಂದೇ ಅಳತೆ, ಒಂದರ ಮೇಲೊಂದು ಸರಿಯಾಗಿ ಕೂರುವಂಥವು. ನನ್ನ ಗೋದಾಮು ಕಣ್ಣ ಮುಂದೆ ಬಂತು.

"ಮುಚ್ಚಳ ತೆಗೀಲೇ ಬೇಡಿ ಅಮ್ಮ, ಬಾಗಿಲಲ್ಲಿ ನಿಂತ್ರೆ ಸಾಕು, ಎಲ್ಲಾ ಕಾಣತ್ತೆ" ಎಂದ ಅವನು.

"ಕಾಣೋರಿಗೆ ಎಲ್ಲಾ ಕಾಣತ್ತಪ್ಪ" ಎಂದರು ಅತ್ತೆ.

ಅವನು ನಕ್ಕ, ನಾನೂ ನಕ್ಕೆ. ಅತ್ತೆಯ ಬಾಯಿ ಯಾವತ್ತೂ ಸ್ವಲ್ಪ ಚೂಪು. ಅವರು ಒಂದು ಡಬ್ಬ ಸವರಿದರು, ಪಕ್ಕದ್ದನ್ನು ಸವರಿದರು, ಮತ್ತೆ ಮೊದಲನೆಯದಕ್ಕೆ ಬಂದರು.

"ಎಲ್ಲಾ ಒಂದೇ ಥರ ಇದೆಯಲ್ಲಮ್ಮ."

"ಅದೇ ಅಲ್ವಾ ಅತ್ತೆ ಚೆಂದ?"

ಹನ್ನೆರಡು ಡಬ್ಬ ಕಟ್ಟಿಸಿಕೊಂಡು ಬಂದೆವು.

ಬಣ್ಣಕ್ಕೊಂದು ಡಬ್ಬ. ಚೀಟಿ ಬರೆಯುವ ಕೆಲಸ ಮಗಳದು. ಒಂದೊಂದು ಅಕ್ಷರ ಅಂಗೈ ಅಗಲ ಬರೆದಳು. ಆನೆ ಓದಬೇಕಾ ಎಂದು ರೇಗಿಸಿದೆ. ಇರಲಿ ಬಿಡು ಎಂದಳು. ಹಳೆಯ ಡಬ್ಬಗಳನ್ನು ಅಟ್ಟದ ಮೇಲಾದರೂ ಇಡೋಣ ಎಂದು ಎರಡು ಸಲ ಹೇಳಿದಳು. ಎರಡು ಸಲವೂ, ನಿನ್ನ ಮೇಜು ಬೇಕೋ ಬೇಡವೋ ಎಂದು ನಾನು ಬಾಯಿ ಮುಚ್ಚಿಸಿದೆ. ಸಂಜೆ ಗುಜರಿಯವನು ಬಂದು ಬೆತ್ತದ ಬುಟ್ಟಿ ಸಮೇತ ಎಲ್ಲವನ್ನೂ ಗೋಣಿಗೆ ತುಂಬಿಕೊಂಡು ಹೋದ. ಅತ್ತೆ ಹೊರಗಿನ ಕೋಣೆಯಲ್ಲಿ ಕೂತು ಆ ತಗಡಿನ ಸದ್ದು ಕೇಳುತ್ತಿದ್ದರು.

ಎದುರು ಮನೆಯಲ್ಲಿ ಹೆರಿಗೆಯಾಯಿತು. ಹಳದಿ ಟೋಪಿ, ಹಳದಿ ಕಾಲುಚೀಲ ಬೇಕೆಂದು ಬಾಣಂತಿಯ ತಾಯಿ ಕೇಳಿ ಹೋದರು. ಅದೇ ವಾರ ಮಗಳು ಶಾಲೆಯ ಶಿಬಿರಕ್ಕೆ ಐದು ದಿನ ಹೋದಳು. ನಾನು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಐದನೆಯ ದಿನ ಬಂದಾಗ ಟೋಪಿಯೂ ಕಾಲುಚೀಲವೂ ಮೇಜಿನ ಮೇಲೆ ಮಡಿಸಿಟ್ಟಿದ್ದವು. ಟೋಪಿ ಅರ್ಧ ಹಳದಿ, ಅರ್ಧ ಬೂದು. ಒಂದು ಕಾಲುಚೀಲ ಹಳದಿ, ಇನ್ನೊಂದು ಕಡುಹಸಿರು. ಹೆಣಿಗೆಯಲ್ಲಿ ಒಂದು ಕಣ್ಣೂ ತಪ್ಪಿರಲಿಲ್ಲ.

"ಏನತ್ತೆ, ಹೊಸ ಫ್ಯಾಷನ್ನಾ?"

"ಹೂಂ, ಈಗಿನ ಕಾಲದ ಮಕ್ಕಳಲ್ವಾ" ಎಂದು ನಕ್ಕರು. ಆಮೇಲೆ ನನ್ನ ಕೈಯಿಂದ ಕಾಲುಚೀಲಗಳನ್ನು ತೆಗೆದುಕೊಂಡರು. ಹೆಬ್ಬೆರಳು ಒಂದರ ಮೇಲೆ ಓಡಾಡಿತು, ಇನ್ನೊಂದರ ಮೇಲೆ ಓಡಾಡಿತು. ದನಿ ಇಳಿಸಿ ಕೇಳಿದರು: "ಎರಡೂ ಹಳದಿ ತಾನೇ?"

ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಪೇಪರಿನಲ್ಲಿ ಬರೀ ಕೆಟ್ಟ ಸುದ್ದಿ ಎಂದು ಓದುವುದನ್ನು ಬಿಟ್ಟದ್ದು, ಟೀವಿಗೆ ಬೆನ್ನು ಮಾಡಿ ಕೂರುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಮಗಳಿಗೆ ಗೊತ್ತಿತ್ತು ಎಂದು ಅತ್ತೆಯೇ ಹೇಳಿದರು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರು. ಹೊಸ ಡಬ್ಬ ಬಂದಂದಿನಿಂದ ದಿನವೂ ಶಾಲೆಯಿಂದ ಬಂದು ಬೇಕಾದ ಬಣ್ಣವನ್ನು ಮಡಿಲಿಗೆ ಹಾಕುತ್ತಿದ್ದವಳು ಅವಳೇ.

"ಹಳದಿ ಅಂದ್ರೆ ನೆಗ್ಗಿದ ಡಬ್ಬ" ಎಂದರು ಅತ್ತೆ. "ಕೆಂಪಿಗೆ ಬುಟ್ಟಿ. ಬಿಳಿಗೆ ನಿಮ್ಮ ಮಾವನ ಬೂಟಿನ ಪೆಟ್ಟಿಗೆ. ಕೈಗೆ ಗೊತ್ತಿತ್ತು. ಈಗ ಮೂಸಿ ನೋಡಿದ್ರೂ ಎಲ್ಲಾ ಒಂದೇ ವಾಸನೆ."

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಒಲೆ ಹತ್ರ ಬರಬೇಡಿ ಅಂತಿದ್ದೆ. ಮೆಟ್ಟಿಲು ಇಳೀಬೇಡಿ ಅಂತಿದ್ದೆ. ಆಮೇಲೆ ಚುಚ್ಕೋತೀರಿ ಅಂತ ಕಡ್ಡಿನೂ ತೆಗೆದಿಡ್ತಿದ್ದೆ."

ಹೇಳಿದ್ದರೆ ಹಾಗೇ ಮಾಡುತ್ತಿದ್ದೆ.

ಕಣ್ಣಿನ ವೈದ್ಯರು, ಹೋದ ದೃಷ್ಟಿ ಹೋಯಿತು, ಉಳಿದ ಮಬ್ಬು ಬೆಳಕನ್ನು ಕಾಪಾಡಿಕೊಳ್ಳಲು ಹನಿ ಹಾಕಿ ಎಂದರು. ಎರಡು ವರ್ಷ ಮೊದಲು ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಅತ್ತೆಯನ್ನು ಮನೆಗೆ ಬಿಟ್ಟು ಗುಜರಿ ಅಂಗಡಿಗೆ ಓಡಿದೆ. ನೆಗ್ಗಿದ ಬಿಸ್ಕತ್ತಿನ ಡಬ್ಬ ಎಂದು ಕೈಯಲ್ಲಿ ಆಕಾರ ಮಾಡಿ ತೋರಿಸಿದೆ. ಅವನು ಅಂಗಳದ ಮೂಲೆಯಲ್ಲಿ ಒತ್ತಿ ಕಟ್ಟಿಟ್ಟಿದ್ದ ತಗಡಿನ ದಿಮ್ಮಿಗಳನ್ನು ತೋರಿಸಿ, ಇಲ್ಲಿಗೆ ಬಂದದ್ದೆಲ್ಲ ನೆಗ್ಗಿದ್ದೇ ಅಕ್ಕ ಎಂದ.

ಕೈಲಾದದ್ದೆಲ್ಲ ಮಾಡಿದೆ. ಡಬ್ಬಗಳಿಗೆ ಗುಂಡಿ ಅಂಟಿಸಿದೆ: ಒಂದು ಗುಂಡಿಗೆ ಕೆಂಪು, ಎರಡಕ್ಕೆ ಹಳದಿ. ಕೆಲವಕ್ಕೆ ದಾರ ಸುತ್ತಿದೆ. ಅತ್ತೆ ನನ್ನ ಸಮಾಧಾನಕ್ಕೆ ನಾಲ್ಕು ದಿನ ಮಗ್ಗಿಯಂತೆ ಒಪ್ಪಿಸಿದರು. ಐದನೆಯ ದಿನ ಹಳದಿಗೆ ಕೈ ಹಾಕಿ ನೀಲಿ ತೆಗೆದರು. ಆ ಹಳೇ ಡಬ್ಬಗಳು ಕೈಗೆ ಕೂರೋಕೆ ಮೂವತ್ತು ವರ್ಷ ಹಿಡಿದಿತ್ತು, ಇನ್ನು ಅಷ್ಟು ವರ್ಷ ಎಲ್ಲಿಂದ ತರಲಿ ಎಂದರು. ನಾವು ಮನೆಯಲ್ಲಿರುವಾಗ ಕೇಳಿ ಎಂದರೆ ಕೇಳಲಿಲ್ಲ, ಗುಟ್ಟು ಬಯಲಾದ ಮೇಲೆ ಮೊಮ್ಮಗಳನ್ನೂ ಕೇಳಲಿಲ್ಲ. ಯಾವ ಬಣ್ಣ ಎಂದು ದಿನಕ್ಕೆ ಹತ್ತು ಸಲ ಕೇಳುವುದಕ್ಕಿಂತ ಕೈಕಟ್ಟಿ ಕೂರುವುದೇ ವಾಸಿಯಂತೆ. ಹತ್ತು ದಿನ ಹಾಗೇ ಕೂತರು, ಕಡ್ಡಿ ಮಡಿಲಲ್ಲಿ.

ಹನ್ನೊಂದನೆಯ ದಿನ ಕರೆದರು.

"ಬಿಳಿ ತಂದುಬಿಡು. ಎಲ್ಲಾ ಡಬ್ಬಕ್ಕೂ ಅದನ್ನೇ ತುಂಬು. ಎಲ್ಲಿ ಕೈ ಹಾಕಿದ್ರೂ ತಪ್ಪಾಗಬಾರದು."

ಬೇರೆ ದಾರಿ ಇದ್ದಿದ್ದರೆ ಹೇಳುತ್ತಿದ್ದೆ. ಬಿಳಿ ತಂದೆ. ಉಳಿದ ಬಣ್ಣಗಳನ್ನು ದಿಂಬಿನ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಮಗಳ ಚೀಟಿಗಳನ್ನು ಉಗುರಿನಿಂದ ಕೆರೆದು ನೋಡಿದೆ. ಅಂಟು ಬಲವಾಗಿತ್ತು, ಬರಲಿಲ್ಲ. ಎದುರು ಮನೆಯ ಮಗುವಿಗೆ ಬಿಳಿ ಟೋಪಿ ಹೋಯಿತು. ಬಾಣಂತಿಯ ತಾಯಿ, ಬಿಳಿ ಬೇಗ ಕೊಳೆಯಾಗುತ್ತದಲ್ಲವೇ ಎಂದಷ್ಟೇ ಹೇಳಿ ತೆಗೆದುಕೊಂಡರು.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಬಾಗಿಲಲ್ಲಿ ನಿಂತರೆ ಸಾಕು, ಎಲ್ಲ ಕಾಣುತ್ತದೆ. ಕೆಂಪು ಎಂಬ ಚೀಟಿಯ ಹಿಂದೆ ಬಿಳಿ, ಹಳದಿಯ ಹಿಂದೆ ಬಿಳಿ, ಹಸಿರಿನ ಹಿಂದೆ ಬಿಳಿ. ನಾನು ನಿಂತದ್ದು ಅತ್ತೆಗೆ ಹೇಗೋ ತಿಳಿಯಿತು.

"ಕೋಣೆ ಈಗ ನೋಡೋಕೆ ಚೆನ್ನಾಗಿದ್ಯಾ?" ಎಂದರು, ಕಡ್ಡಿ ನಿಲ್ಲಿಸದೆ.

"ಚೆನ್ನಾಗಿದೆ ಅತ್ತೆ" ಎಂದೆ.