ಬೀಗದವನ ಕೈ

ಆ ಬುಧವಾರ ಬೆಳಿಗ್ಗೆ ಗಾಳಿಗೆ ಹುಚ್ಚು ಹಿಡಿದಿತ್ತು. ಅಂಗಡಿಗಳ ತಗಡಿನ ಬೋರ್ಡುಗಳು ಒಂದರ ಮೇಲೊಂದು ಜಗಳಕ್ಕೆ ಬಿದ್ದಿದ್ದವು. ಒಣಹಾಕಿದ ಅಂಗಿಯೊಂದು ತಂತಿ ಬಿಡಿಸಿಕೊಂಡು ಬೀದಿಯುದ್ದಕ್ಕೂ ಓಡಿತು. ಮಳೆ ತರುವ ಗಾಳಿಯಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ದೇವರು ಮನೆ ಗುಡಿಸಲು ಹೊರಟ ದಿನ ಹೀಗೇ ಇರುತ್ತದೆ ಎಂದು ಹಿರಿಯರು ಹೇಳುವುದುಂಟು.

ಆ ಗಾಳಿಯಲ್ಲಿ ಬೀಗದಂಗಡಿಯ ಅಕ್ಕ ಒಬ್ಬಳೇ ಅಂಗಡಿ ತೆರೆದು ಕೂತಳು. ಗಂಡ ಮನೆಗೆ ಬಾರದೆ ಎರಡು ದಿನವಾಗಿತ್ತು. ಸೋಮವಾರ ಸಂಜೆ ಅವನನ್ನು ಪೊಲೀಸ್ ಜೀಪಿಗೆ ಹತ್ತಿಸಿದ್ದನ್ನು ಇಡೀ ಬೀದಿ ನೋಡಿತ್ತು. ಆದರೂ ಅವಳು ಮೂರು ಸಲ ಠಾಣೆಯ ಗೇಟಿಗೆ ಹೋದಾಗ ಅಲ್ಲಿಯ ಹಳೆಯ ದಫೇದಾರ ನೆಲ ನೋಡಿಕೊಂಡು, "ಇಲ್ಲಿಲ್ಲ ತಂಗಿ, ಮನೇಗೆ ಹೋಗು," ಎಂದಿದ್ದ. ನೆಲಕ್ಕೆ ಹೇಳಿದ ಮಾತು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಮಾಡುವುದೇನು? "ಇಲ್ಲ" ಎಂಬ ಬೀಗಕ್ಕೆ ಕೀಲಿ ಉಜ್ಜುವ ಅರ ಅವಳ ಬಳಿ ಇರಲಿಲ್ಲ.

ನಡೆದದ್ದು ಇಷ್ಟು. ಪಕ್ಕದ ಬೀದಿಯ ನರ್ಸಮ್ಮ, ಠಾಣೆಯಿಂದ ಆಸ್ಪತ್ರೆಗೆ ಹೊತ್ತು ತಂದಿದ್ದ ಒಬ್ಬನ ಬೆನ್ನ ಮೇಲಿನ ಬಾಸುಂಡೆಗಳ ಫೋಟೋ ತೆಗೆದು ಮನೆಯಲ್ಲಿಟ್ಟುಕೊಂಡಿದ್ದಳು. ಅದು ಇನ್ಸ್‌ಪೆಕ್ಟರ್ ಸಾಹೇಬನ ಕಿವಿಗೆ ಬಿತ್ತು. ಅವಳು ಡ್ಯೂಟಿಗೆ ಹೋದ ಹೊತ್ತು ನೋಡಿ, ಆ ಮನೆಯ ಬಾಗಿಲು ತೆಗೆಸಲು ಅವನು ಬೀಗದವನನ್ನು ಕರೆದೊಯ್ದ.

ಬೀಗದವನಿಗೋ ಅಪ್ಪನಿಂದ ಬಂದ ಒಂದು ನೇಮ. ಬೀಗ ಯಾರದು? ಹಾಕಿದ್ದು ಯಾರು? ಯಾವಾಗ ಹಾಕಿದ್ದು? ಈ ಮೂರಕ್ಕೂ ಹಾಕಿದವರೇ ಪಕ್ಕದಲ್ಲಿ ನಿಂತು ಉತ್ತರ ಹೇಳಬೇಕು. ಆಮೇಲೆಯೇ ಬೀಗ ತೆಗೆಯುವ ಕೊಕ್ಕೆ ಕೈಗೆ ಬರುವುದು. ಹೆಂಡತಿಯೂ ಅದೇ ನೇಮದವಳು. ಸ್ವಂತ ತಮ್ಮನ ಪೆಟ್ಟಿಗೆ ತೆಗೆಯುವಾಗಲೂ ಕೇಳಿ ಬೈಸಿಕೊಂಡಿದ್ದಳು.

"ಬೀಗ ನರ್ಸಮ್ಮಂದು ಸ್ವಾಮಿ. ಅವ್ರು ಬರ್ಲಿ," ಎಂದ ಬೀಗದವನು.

"ನಾನು ಹೇಳ್ತಿದೀನಲ್ಲಯ್ಯಾ!"

"ನೀವು ಹೇಳ್ತಿದೀರ. ಹಾಕಿದ್ದು ನೀವಲ್ವಲ್ಲ."

ಅಷ್ಟಕ್ಕೇ ಅವನನ್ನು ತಂದು ಲಾಕಪ್ಪಿಗೆ ದೂಡಿದರು. ಬಲಗೈ ಬೆರಳುಗಳ ಮೇಲೆ ಲಾಠಿ ಬಿತ್ತು. ಠಾಣೆಯ ಡೈರಿಯಲ್ಲಿ ಮಾತ್ರ ಒಂದಕ್ಷರವೂ ಬೀಳಲಿಲ್ಲ.

ಡ್ಯೂಟಿ ಮುಗಿಸಿ ಬಂದು ಸುದ್ದಿ ಕೇಳಿದ ನರ್ಸಮ್ಮ ಕೈಕಟ್ಟಿ ಕೂರುವವಳಲ್ಲ. ಫೋಟೋ ಸಮೇತ ನೇರ ಕೋರ್ಟಿನ ಮೆಟ್ಟಿಲು ಹತ್ತಿದಳು. ಹಾಗಾಗಿ ಆ ಬುಧವಾರ ಒಂಬತ್ತೂವರೆಗೆ ಠಾಣೆಯ ಫೋನು ಬಡಿದುಕೊಂಡಿತು: "ಮ್ಯಾಜಿಸ್ಟ್ರೇಟಮ್ಮ ನಿಮ್ಮ ಠಾಣೆ ನೋಡೋಕೆ ಹೊರಟಿದಾರೆ. ಹತ್ತಕ್ಕೆ ಅಲ್ಲಿರ್ತಾರೆ."

ಸಾಹೇಬ ಚಹಾದ ಲೋಟವನ್ನು ಮೇಜಿಗಿಟ್ಟನೋ ಗಾಳಿಗಿಟ್ಟನೋ, ಅದಂತೂ ಉರುಳಿತು. "ಹಿಂದಿನ ಬಾಗ್ಲಿಗೆ ಜೀಪ್ ತಗೊಂಡ್ ಬನ್ನಿ! ಅವನನ್ನ ಸಾಗಿಸಿ ಮೊದ್ಲು!"

ಲಾಕಪ್ಪಿನ ಬೀಗ ಅಜ್ಜನ ಕಾಲದ್ದು, ಎರಡು ಮುಷ್ಟಿ ಗಾತ್ರದ್ದು. ನಿಧಾನಕ್ಕೆ ಒಲಿಯುವುದೇ ಹೊರತು ಅವಸರಕ್ಕೆ ಒಲಿಯುವುದಲ್ಲ. ದಫೇದಾರನ ಕೈಯಿಂದ ಕೀಲಿ ಕಿತ್ತುಕೊಂಡು ಸಾಹೇಬ ತಾನೇ ತಿರುವಿದ. ಟಕ್ ಎಂದಿತು.

"ಅಯ್ಯಯ್ಯೋ, ಕೈ ಮುರೀತು!"

"ಯಾರ ಕೈ ಸಾರ್?" ದಫೇದಾರ ಬೆಚ್ಚಿದ.

"ಬೀಗದ ಕೈ ಕಣಯ್ಯಾ! ಓಡು, ಆ ಬೀಗದವನ್ನ ಕರ್ಕೊಂಡ್ ಬಾ!"

"ಸಾರ್... ಬೀಗದವನು ಒಳಗೇ ಇದಾನೆ."

ಕಿಟಕಿಯೊಂದು ಗಾಳಿಗೆ ಚಪ್ಪಾಳೆ ತಟ್ಟಿತು.

ಸಾಹೇಬ ಸರಳುಗಳಿಗೆ ಮುಖ ಒತ್ತಿದ. "ಲೋ, ಎದ್ದು ಬಾರೋ. ತೆಗಿ ಇದನ್ನ."

ಬೀಗದವನು ಎದ್ದು ಬಂದು ಬಲಗೈಯನ್ನು ಸರಳಿನಾಚೆ ಚಾಚಿದ. ನಾಲ್ಕು ಬೆರಳು ಊದಿ ನೀಲಿಗಟ್ಟಿದ್ದವು.

"ಏನಯ್ಯಾ, ಎಡಗೈಲಿ ಆಗಲ್ವಾ?"

"ಎಡಗೈಗೆ ಈ ವಿದ್ಯೆ ಬರಲ್ಲ ಸ್ವಾಮಿ."

"ಸ್ವಲ್ಪ ನೋಡಣ್ಣಾ, ದಮ್ಮಯ್ಯ!"

'ಲೋ' ಎಂಬುದು 'ಅಣ್ಣಾ' ಆಗಲು ಗೋಡೆ ಗಡಿಯಾರದಲ್ಲಿ ಎರಡೇ ನಿಮಿಷ ಹಿಡಿದಿತ್ತು.

"ಬೀಗದ ಕೈ ಇವತ್ತು ಮುರಿದ್ರಿ, ಬೀಗದವನ ಕೈ ಸೋಮವಾರಾನೇ ಮುರಿದ್ರಿ," ಎಂದ ಅವನು, ಕೋಪವಿಲ್ಲದೆ. "ನಾನೇನ್ ಮಾಡ್ಲಿ ಹೇಳಿ?"

ಸುತ್ತಿಗೆ ತಂದು ಎರಡೇಟು ಹಾಕಿದರು. ಬೀಗ ಗಂಟೆಯಂತೆ ಮೊಳಗಿತೇ ಹೊರತು ಬಾಯಿ ಬಿಡಲಿಲ್ಲ. ಬೀದಿಯಲ್ಲಿ ಜನ ನಿಂತು ನೋಡತೊಡಗಿದರು. ಒಂಬತ್ತೂ ನಲವತ್ತೈದು.

"ಇವನ ಅಂಗಡೀಲಿ ಇನ್ಯಾರಾದ್ರೂ ಇರ್ತಾರಲ್ಲ, ಹೋಗಿ ಎಳ್ಕೊಂಡ್ ಬಾ!" ಸಾಹೇಬ ಜೀಪಿನ ಡ್ರೈವರನಿಗೆ ಕೂಗಿದ.

ಆ ಅಂಗಡಿಯಲ್ಲಿ ಈಗ ಕೂತಿರುವುದು ಯಾರೆಂದು ದಫೇದಾರನಿಗೆ ಗೊತ್ತಿತ್ತು. ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಮೂರು ಸುಳ್ಳು ಹೇಳಿದ್ದ ಬಾಯಿ ಅದು. ಮೇಲಿರುವವನು ಅದಕ್ಕೆ ಸುಮ್ಮನಿರುವ ಪುಣ್ಯವನ್ನಾದರೂ ಕೊಟ್ಟ.

ಹತ್ತಕ್ಕೆ ಐದು ನಿಮಿಷವಿರುವಾಗ ಅಕ್ಕ ಸಲಕರಣೆ ಚೀಲ ಹಿಡಿದು ಡ್ರೈವರನ ಹಿಂದೆ ಓಡುನಡಿಗೆಯಲ್ಲಿ ಬಂದಳು. ಸರಳುಗಳ ಹಿಂದೆ ಗಂಡನನ್ನು ಕಂಡು ಅವಳ ಕಾಲು ನೆಲಕ್ಕೆ ಅಂಟಿತು. ಅವನು ಕಣ್ಣಲ್ಲೇ ಕೆಲಸ ತೋರಿಸಿದ. ಅವಳು ಬೀಗದ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಸಾಹೇಬನಿಗೆ ಅವಳ ಗುರುತಿರಲಿಲ್ಲ. ಈ ಎರಡು ದಿನ ಗೇಟು ದಾಟಲು ಅವಳನ್ನು ಬಿಟ್ಟವರಾದರೂ ಯಾರು? "ಬೇಗ ಕಣಮ್ಮಾ, ಬೇಗ!"

ಅಕ್ಕ ಕೊಕ್ಕೆ ತೆಗೆದಳು. ಮತ್ತೆ ಕೆಳಗಿಟ್ಟಳು. "ಮೂರು ಮಾತು ಕೇಳ್ದೆ ನಾವು ಬೀಗ ಮುಟ್ಟಲ್ಲ ಸ್ವಾಮಿ."

"ಇದೆಲ್ಲಿ ಸಿಕ್ತೋ ನಂಗೆ! ಕೇಳು, ಕೇಳಿ ಸಾಯಿ!"

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದನ್ನು ಗಾಳಿ ನುಂಗಿತು. ಕರಿ ಕೋಟಿನ ಹೆಂಗಸೊಬ್ಬರು ಬಾಗಿಲಲ್ಲಿ ಬಂದು ನಿಂತರು. ಸಾಹೇಬನ ಬೆನ್ನು ಆ ಕಡೆಗಿತ್ತು. ದಫೇದಾರ ನೋಡಿದ, ಸೆಲ್ಯೂಟ್ ಹೊಡೆಯಲಿಲ್ಲ. ಅಕ್ಕನೂ ನೋಡಿದಳು, ದನಿ ಎತ್ತರಿಸಿದಳು.

"ಬೀಗ ಯಾರದು?"

"ಠಾಣೇದು! ನಂದೇ ಅನ್ಕೋ!"

"ಹಾಕಿದ್ದು ಯಾರು?"

"ನಾನೇ ಹಾಕ್ಸಿದ್ದು ಕಣಮ್ಮಾ, ನಾನೇ!"

"ಯಾವಾಗ?"

"ಸೋಮವಾರ ಸಂಜೆ ಆರು ಗಂಟೆಗೆ! ಸಾಕಾ?"

"ಸಾಕು," ಎಂದರು ಬಾಗಿಲಲ್ಲಿದ್ದವರು.

ಸಾಹೇಬ ತಿರುಗಿದ. ಮುಖದ ಬಣ್ಣ ಇಳಿದು ಕಾಲರಿನೊಳಗೆ ಹೋಯಿತು. "ಮೇಡಂ, ಅದು... ಇವನನ್ನ ಈಗ ತಾನೆ..."

"ಡೈರಿ ಕೊಡಿ."

ಕೊಟ್ಟರು. ಸೋಮವಾರದ ಪುಟದಲ್ಲಿ ಬೀಗದವನಿಲ್ಲ, ಮಂಗಳವಾರದಲ್ಲೂ ಇಲ್ಲ. ಮ್ಯಾಜಿಸ್ಟ್ರೇಟಮ್ಮ ಬೀಗದವನ ಕೈ ನೋಡಿದರು. "ಇದೇನು?"

"ಬಿದ್ದ ಮೇಡಂ," ಎಂದ ಸಾಹೇಬ.

"ಬರೀ ಬೆರಳ ಮೇಲೆ ಬಿದ್ನಾ?" ಅವರು ದಫೇದಾರನ ಕಡೆ ತಿರುಗಿದರು. "ನೀವು ಹೇಳಿ."

ದಫೇದಾರನಿಗೆ ಇಪ್ಪತ್ತೆಂಟು ವರ್ಷದ ಸರ್ವೀಸು, ಇನ್ನೆರಡು ವರ್ಷದಲ್ಲಿ ಪಿಂಚಣಿ. ಸಾಹೇಬ ಅವನನ್ನೇ ದುರುಗುಟ್ಟುತ್ತಿದ್ದ. ಅಕ್ಕ ಉಸಿರು ಬಿಗಿಹಿಡಿದಳು. ಅವನೊಬ್ಬ ಇನ್ನೊಮ್ಮೆ ನೆಲ ನೋಡಿದರೆ ಗಂಡ ಮತ್ತೆ "ಇಲ್ಲ" ಆಗುತ್ತಾನೆ.

ದಫೇದಾರ ತಲೆ ಎತ್ತಿದ.

"ಬಿದ್ದಿದ್ದು ಲಾಠಿ ಅಮ್ಮಾ. ಬೀಗ ಹಾಕಿದ ಕೈ ನಂದು, ಹಾಕು ಅಂದ ಬಾಯಿ ಸಾಹೇಬ್ರದು. ಈ ತಂಗಿ ಮೂರು ಸಲ ಬಂದು ಕೇಳಿದ್ಲು. ಇಲ್ಲ ಅಂದವನು ನಾನೇ. ಬರ್ಕೊಳ್ಳಿ."

ಸಾಹೇಬ ಬೆಂಚಿನ ಮೇಲೆ ಕುಸಿದು ಕೂತ. ಅವನ ಟೋಪಿ ಗಾಳಿಗೆ ಉರುಳಿ ಹೋದರೂ ಯಾರೂ ಎತ್ತಿಕೊಡಲಿಲ್ಲ.

ಬರೆದು ಮುಗಿಸಿ ಮ್ಯಾಜಿಸ್ಟ್ರೇಟಮ್ಮ ಅಕ್ಕನನ್ನು ಕೇಳಿದರು: "ಈಗ ತೆಗೀಬಹುದೇನಮ್ಮ? ಮೂರಕ್ಕೂ ಉತ್ತರ ಸಿಕ್ತಲ್ಲ."

"ತೆಗೀತೀನಿ ಅಮ್ಮಾ. ಬೀಗ ಅವ್ರದು. ಒಳಗಿರೋದು ನಂದು."

ಮುರಿದ ತುಂಡನ್ನು ಸಣ್ಣ ಇಕ್ಕಳದಿಂದ ಹೊರಗೆಳೆದು ಅವಳು ಕೊಕ್ಕೆ ಇಳಿಸಿದಳು. ಒಳಗಿನಿಂದ ಅವನು ಬೀಗಕ್ಕೆ ಕಿವಿಗೊಟ್ಟ. "ಇನ್ನೊಂಚೂರು ಮೇಲೆ."

"ನಂಗೊತ್ತು. ನೀವು ಸುಮ್ನಿರಿ."

ಹೊರಗೆ ಬೀದಿಯೆಲ್ಲ ನಕ್ಕಿತು. ಬೀಗ ಉಸಿರು ಬಿಟ್ಟಂತೆ ಬಾಯಿ ತೆರೆಯಿತು.

ಬಾಗಿಲು ಸರಿಸಿ ಒಳಗೆ ಹೋದವನು ದಫೇದಾರ. ಗೂಡಿನಿಂದ ಬಿದ್ದ ಮರಿಯನ್ನು ಎತ್ತುವ ಹಾಗೆ ಬೀಗದವನ ಬಲಗೈಯನ್ನು ಕೆಳಗಿನಿಂದ ಎತ್ತಿ ಹಿಡಿದು, ಅವನನ್ನು ಹೊಸ್ತಿಲು ದಾಟಿಸಿದ. ಆ ಕೈಯನ್ನು ಅಕ್ಕನ ಅಂಗೈ ಮೇಲೆ ಇಟ್ಟ. ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.